ಹಾರ್ನ್ ಮಾಮನ ಪಕ್ಕದ ಗನ್ನು

ಆ ಕಂಬದ ಹಣೆಯ ಮೇಲೆ ಮಿಂಚಿನ ಚಿತ್ರವಿತ್ತು. ಅದರ ಕೆಳಗೆ ‘ಅತಿ ವೇಗದ ಚಾರ್ಜಿಂಗ್’ ಎಂದು ಅಂಗೈಯಗಲದ ಅಕ್ಷರಗಳು. ಬರೆಸಿದವರು ಭಾರಿ ತಮಾಷೆಯ ಜನವೇ ಇರಬೇಕು. ಆ ವೇಗವನ್ನು ನಂಬಿ ಕರೆಂಟಿನ ಕಾರು ಕಟ್ಟಿಹಾಕಿ ಕೂತವರಿಗೆ ಉಗುರು ಬೆಳೆದು, ಗಡ್ಡ ಬೆಳೆದು, ಮನೆಯಲ್ಲಿ ಹೆಂಡತಿ ಬೇರೆ ಮದುವೆಯಾಗಿ ಅವಳ ಮಕ್ಕಳು ಶಾಲೆಗೆ ಸೇರುವಷ್ಟು ಹೊತ್ತು ಹಿಡಿಯುತ್ತಿತ್ತು.

ಸೊಪ್ಪಿನಿಂದ ಹಿಡಿದು ಪೊರಕೆಯವರೆಗೆ ಎಲ್ಲವನ್ನೂ ಮಾರುವ ಒಂದು ದೊಡ್ಡ ಅಂಗಡಿಯ ಹಿಂದಿನ ಅಂಗಳದಲ್ಲಿ ಅಂಥ ಕಂಬಗಳು ಎರಡಿದ್ದವು. ಒಂದಕ್ಕೆ ಯಾರೋ ಪುಣ್ಯಾತ್ಮ ಲಾರಿ ಹಿಂದಕ್ಕೆ ತೆಗೆಯುವಾಗ ಗುದ್ದಿದ್ದ. ಅವತ್ತಿನಿಂದ ಅದರ ತಲೆಗೆ ಪ್ಲಾಸ್ಟಿಕ್ ಚೀಲ ಕಟ್ಟಿ, ಹಲ್ಲುನೋವಿನವನ ಹಾಗೆ ಮೂಲೆಯಲ್ಲಿ ನಿಲ್ಲಿಸಿಬಿಟ್ಟಿದ್ದರು. ಉಳಿದದ್ದು ಇನ್ನೊಂದು. ಅದಕ್ಕೆ ಎರಡು ಕೈ. ಒಂದೊಂದು ಕೈಗೂ ತೋಳಿನ ದಪ್ಪದ ಕೇಬಲ್ಲು, ತುದಿಯಲ್ಲಿ ಕಾರಿಗೆ ಚುಚ್ಚುವ ಒಂದೊಂದು ಗನ್ನು. ಪೆಟ್ರೋಲ್ ಬಂಕಿನಲ್ಲಿ ಕರೆದ ಹಾಗೇ ಇಲ್ಲೂ ಅದನ್ನು ಗನ್ನು ಅಂತಲೇ ಕರೆಯುತ್ತಾರೆ. ಹೆಸರಿಗೆ ಗನ್ನು, ಹಾರಿಸಿದ್ದು ಮಾತ್ರ ಏನೂ ಇಲ್ಲ.

ಊರಿಗೆ ಊರೇ ಆ ಕಂಬವನ್ನು ಬೈಯುತ್ತಿತ್ತು. ಎಲ್ಲರಿಗಿಂತ ಗಟ್ಟಿಯಾಗಿ ಬೈಯುತ್ತಿದ್ದವನು ಹಾರ್ನ್ ಮಾಮ. ಒಳಗೊಳಗೇ ಎಲ್ಲರಿಗಿಂತ ಹೆಚ್ಚಾಗಿ ಅದನ್ನು ಪ್ರೀತಿಸುತ್ತಿದ್ದವನೂ ಅವನೇ.

ಹಾರ್ನ್ ಮಾಮ ಬಸ್ ಡ್ರೈವರಾಗಿದ್ದು ನಿವೃತ್ತನಾದವನು. ಅವನ ಗಂಟಲಿನ ಸುದ್ದಿ ಡಿಪೋದವರ ಬಾಯಲ್ಲಿ ಈಗಲೂ ಇದೆ. ಬಸ್ಸಿನ ಹಾರ್ನು ಕೆಟ್ಟರೆ ಅವನು ರಿಪೇರಿಗೆ ಬರೆದುಕೊಡುತ್ತಿರಲಿಲ್ಲ. ಕಿಟಕಿಯಿಂದ ತಲೆ ಹೊರಗೆ ಹಾಕಿ ಒಂದು ಸಲ ಕೆಮ್ಮಿದರೆ ಸಾಕು, ಮುಂದಿನ ಸ್ಟಾಪಿನಲ್ಲಿ ರಸ್ತೆ ಮಧ್ಯೆ ಮಲಗಿದ್ದ ನಾಯಿ ಎದ್ದು, ಮೈ ಕೊಡವಿ, ಕ್ಷಮೆ ಕೇಳುವ ಮುಖ ಮಾಡಿಕೊಂಡು ದಾರಿ ಬಿಡುತ್ತಿತ್ತು.

ಅವನ ಹೆಂಡತಿ ಮನೆಯಲ್ಲಿ ಕೂತು ಬಟ್ಟೆ ಹೊಲಿಯುತ್ತಿದ್ದಳು. ಅವನು ನಿವೃತ್ತನಾದ ದಿನ ಅವಳು ಹಲ್ಲಿನಲ್ಲಿ ದಾರ ಕಡಿಯುತ್ತಾ ಅಂದಳು, “ಜೀವಮಾನವೆಲ್ಲ ಊರವರನ್ನ ಕೂರಿಸ್ಕೊಂಡು ಸುತ್ತಿದ್ರಿ. ನನ್ನನ್ನ ಒಂದಿನ ಪಕ್ಕದಲ್ಲಿ ಕೂರಿಸ್ಕೊಂಡ್ರಾ?”

“ಡ್ರೈವರ್ ಪಕ್ಕ ಯಾರೂ ಕೂರೋ ಹಾಗಿಲ್ಲ ಕಣೇ. ರೂಲ್ಸು.”

“ನಿಮ್ಮ ರೂಲ್ಸಿಗಿಷ್ಟು ಬೆಂಕಿ ಹಾಕ,” ಎಂದು ಅವಳು ತನ್ನ ಹೊಲಿಗೆ ದುಡ್ಡಲ್ಲಿ ಒಂದು ಪುಟ್ಟ ಕೆಂಪು ಕಾರು ತೆಗೆದಳು. ಯಾರೋ ಓಡಿಸಿ ಬಿಟ್ಟದ್ದು, ಕರೆಂಟಿನದು, ಬೆಂಕಿಪೊಟ್ಟಣಕ್ಕೆ ಚಕ್ರ ಹಚ್ಚಿದ ಹಾಗಿತ್ತು. ಎಲೆಕ್ಟ್ರಿಷಿಯನ್ನನ್ನು ಕರೆಸಿ, ಬಾಗಿಲ ಪಕ್ಕದ ಗೋಡೆಯಲ್ಲಿ ಅದಕ್ಕೊಂದು ಸಾಕೆಟ್ಟು ಹಾಕಿಸಿದ್ದೂ ಅವಳೇ. ಕೆಲವು ಭಾನುವಾರ ಪಕ್ಕದ ಸೀಟಿನಲ್ಲಿ ಕೂತು, ಊರಿನವರೆಲ್ಲ ನೋಡಲಿ ಅಂತ ಕಿಟಕಿ ಪೂರ್ತಿ ಇಳಿಸಿಕೊಂಡು ತಿರುಗಿದಳು. ಆಮೇಲೆ ಒಂದು ಬೆಳಗ್ಗೆ ಸೂಜಿಗೆ ದಾರ ಪೋಣಿಸುತ್ತಾ ಕೂತವಳು ಹಾಗೇ ಮೆಲ್ಲಗೆ ಮುಂದಕ್ಕೆ ಬಾಗಿದಳು. ಅಷ್ಟೇ.

ಮೆಷೀನಿನ ಸೂಜಿಯ ಕೆಳಗೆ ಯಾರದೋ ಅಂಗಿಯ ತೋಳು ಸಿಕ್ಕಿಕೊಂಡಿತ್ತು. ಅಂಗಿಯವರು ಕೇಳಿಕೊಂಡು ಬರಲಿಲ್ಲ, ಮಾಮ ಸೂಜಿ ಎತ್ತಲೂ ಇಲ್ಲ. ಮನೆಯಲ್ಲಿ ಇನ್ನು ಸದ್ದು ಮಾಡುವುದು ಅಂತ ಉಳಿದದ್ದು ಫ್ರಿಜ್ಜು ಒಂದೇ. ಅದು ಗುರ್ ಅಂದಾಗೆಲ್ಲ ಮಾಮ “ಏನು?” ಅನ್ನುತ್ತಿದ್ದ. ಅದಾದರೂ ಪಾಪ, ಎಷ್ಟು ಅಂತ ಉತ್ತರ ಕೊಟ್ಟೀತು.

ಹೀಗಾಗಿ ಅವನು ದಿನಾ ಮಧ್ಯಾಹ್ನ ಕೆಂಪು ಕಾರು ತೆಗೆದುಕೊಂಡು ತನ್ನ ಹಳೆಯ ಬಸ್ಸಿನ ರೂಟಿನಲ್ಲೇ ಹೊರಟುಬಿಡುತ್ತಿದ್ದ. ಬೇರೆ ದಾರಿ ಕೈಗೆ ಬರುತ್ತಿರಲಿಲ್ಲ. ಪ್ರತಿ ಸ್ಟಾಪಿನಲ್ಲೂ ತಾನಾಗಿಯೇ ಕಾಲು ಬ್ರೇಕಿನ ಮೇಲೆ ಹೋಗುತ್ತಿತ್ತು. ನಿಲ್ಲಿಸಿ, ಹತ್ತುವವರು ಹತ್ತಲಿ ಅನ್ನುವಷ್ಟು ಹೊತ್ತು ಕಾದು, ಮುಂದೆ ಹೋಗುತ್ತಿದ್ದ. ಯಾರೂ ಹತ್ತುತ್ತಿರಲಿಲ್ಲ. ಒಂದು ಸಲ ಮಾತ್ರ ಕಣ್ಣು ಮಂಜಾದ ಮುದುಕಿಯೊಬ್ಬಳು ಬಾಗಿಲು ತೆಗೆದು ಕೂತು, “ಸ್ಟೇಷನ್ ಹತ್ರ ಇಳಿಸಪ್ಪಾ” ಅಂದಿದ್ದಳು. ಅವಳನ್ನು ಸ್ಟೇಷನ್ ಹತ್ತಿರ ಇಳಿಸಿದ ಖುಷಿಯಲ್ಲಿ ಮಾಮ ವಾರವೆಲ್ಲ ಶಿಳ್ಳೆ ಹೊಡೆದಿದ್ದ.

ಹಾಗೆ ಸುತ್ತಿ ಸುತ್ತಿ ಬ್ಯಾಟರಿ ಇಳಿಸಿಕೊಂಡು, ಸಂಜೆಗೆ ಸರಿಯಾಗಿ ಅಂಗಡಿಯ ಹಿಂದಿನ ಕಂಬಕ್ಕೆ ಬರುತ್ತಿದ್ದ. ಮನೆಯ ಬಾಗಿಲಲ್ಲೇ ಸಾಕೆಟ್ಟು ಇದ್ದವನು ಇಲ್ಲಿಗೆ ಯಾಕೆ ಬರಬೇಕು ಅಂತ ಕೇಳುತ್ತೀರಿ. ಯಾಕೆಂದರೆ ಇಲ್ಲಿ ಜನ ಕಾಯುತ್ತಿದ್ದರು. ಕಾಯುವವರು ಎಲ್ಲಿಗೆ ಓಡಿಹೋಗುತ್ತಾರೆ? ಕೇಬಲ್ಲಿಗೆ ಕಟ್ಟಿಹಾಕಿದ ಮನುಷ್ಯ ಕಥೆ ಕೇಳಲೇಬೇಕು. “ನಮ್ಮನೇಲಿ ಸಾಕೆಟ್ ಇಲ್ಲ, ಏನು ಮಾಡೋದು” ಎಂದು ಮಾಮ ಮುಖ ಸಣ್ಣಗೆ ಮಾಡಿ ಹೇಳುತ್ತಿದ್ದ. ಎಷ್ಟು ಚೆನ್ನಾಗಿ ಹೇಳುತ್ತಿದ್ದನೆಂದರೆ, ಕೇಳಿದವರಿಗೆ ತಮ್ಮ ಮನೆಯ ಗೋಡೆಯನ್ನೇ ಕಿತ್ತು ಕೊಡೋಣ ಅನ್ನಿಸಬೇಕು.

ಮೊದಮೊದಲು ಯಾರ್ಯಾರೋ ಸಿಗುತ್ತಿದ್ದರು. ಕಂಬದ ಗುಣ ತಿಳಿದ ಮೇಲೆ ಒಬ್ಬೊಬ್ಬರೇ ಬೇರೆ ಕಡೆ ಹೋದರು. ಕೊನೆಗೆ ದಿನಾ ತಪ್ಪದೆ ಬರುವವಳು ಒಬ್ಬಳೇ ಉಳಿದಳು. ಅವಳು ಮನೆಮನೆಗೆ ಹೋಗಿ ಗಾಯಕ್ಕೆ ಪಟ್ಟಿ ಬದಲಾಯಿಸುವ, ಇಂಜೆಕ್ಷನ್ ಕೊಡುವ ನರ್ಸಮ್ಮ. ಕೆಲಸಕ್ಕಿಟ್ಟುಕೊಂಡ ಕಂಪನಿಯವರು ಕೊಟ್ಟ ಬಿಳಿ ಕಾರು ಅವಳದು. ಊರಿನ ಈ ಕೊನೆಯಿಂದ ಆ ಕೊನೆಗೆ ಓಡಿ ಸಂಜೆಗೆ ಅದು ಬಸವಳಿದಿರುತ್ತಿತ್ತು, ಅವಳೂ. ಮಾರನೆಯ ಬೆಳಗ್ಗೆಗೆ ತುಂಬಿಸಿಡಲೇಬೇಕು. ಅವಳಿದ್ದದ್ದು ಮೂರನೆಯ ಮಹಡಿಯಲ್ಲಿ, ಕಾರು ನಿಲ್ಲುವುದು ಬೀದಿಯಲ್ಲಿ. ಅವಳ ಮನೆಯಲ್ಲಿ ನಿಜವಾಗಿಯೂ ಸಾಕೆಟ್ಟಿರಲಿಲ್ಲ.

ಅವಳ ಕಾರು ಕಂಡ ಕೂಡಲೇ ಮಾಮ ತನ್ನದನ್ನು ತಂದು ಪಕ್ಕಕ್ಕೆ ಅಂಟಿಸಿ, ಎರಡನೆಯ ಗನ್ನು ಚುಚ್ಚುತ್ತಿದ್ದ. ಡಿಪೋದಲ್ಲಿ ಕಲಿತ ಬುದ್ಧಿ ಅದು. ದಾರಿಯಲ್ಲಿ ಒಂಟಿ ಬಸ್ಸು ನಿಂತಿದ್ದು ಕಂಡರೆ ಹಿಂದಿನವನು ಸುಮ್ಮನೆ ದಾಟಿ ಹೋಗುವ ಹಾಗಿಲ್ಲ, ಪಕ್ಕಕ್ಕೆ ತಂದು ನಿಲ್ಲಿಸಬೇಕು. ಸಹಾಯ ಆಗದಿದ್ದರೆ ಜೊತೆಯಾದರೂ ಆಗಬೇಕು.

“ಬಂತಲ್ಲಪ್ಪಾ ಹಾರ್ನು,” ಎನ್ನುತ್ತಿದ್ದಳು ನರ್ಸಮ್ಮ, ಕಾರಿನ ಬಾಗಿಲು ತೆರೆದು ಕಾಲು ಹೊರಗೆ ಚಾಚಿಕೊಂಡು.

“ಊಟ ಮಾಡಿದ್ಯಾ ತಾಯಿ?”

“ಮಧ್ಯಾಹ್ನದ್ದಾ, ನಿನ್ನೆದಾ?”

ಮಾಮ ಜೇಬಿನಿಂದ ಬಿಸ್ಕತ್ತಿನ ಪೊಟ್ಟಣ ತೆಗೆಯುತ್ತಿದ್ದ. ಇಬ್ಬರೂ ತಿನ್ನುತ್ತಾ ಕಂಬದ ಪರದೆ ನೋಡುತ್ತಿದ್ದರು. ಅದರಲ್ಲಿ ಅಂಕಿಗಳು ಮನಸ್ಸಿಲ್ಲದ ಮದುವೆಗೆ ಹೊರಟ ನೆಂಟರ ಹಾಗೆ ನಿಂತು ನಿಂತು ಏರುತ್ತಿದ್ದವು. ಕೆಲವೊಮ್ಮೆ ಪರದೆ ಕಪ್ಪಾಗಿ ಎಲ್ಲ ಮೊದಲಿನಿಂದ ಶುರು. ಇನ್ನು ಕೆಲವೊಮ್ಮೆ ಚಾರ್ಜು ಮುಗಿದರೂ ಗನ್ನು ಕಚ್ಚಿಕೊಂಡು ಬಿಡುತ್ತಲೇ ಇರಲಿಲ್ಲ. ಆಗ ಮಾಮ ಕಂಬದ ಪಕ್ಕೆಗೆ, ಒಂದು ಗೊತ್ತಾದ ಜಾಗದಲ್ಲಿ, ಮುಷ್ಟಿಯಿಂದ ಎರಡು ಗುದ್ದು ಗುದ್ದುತ್ತಿದ್ದ. ‘ಟಕ್’ ಎಂದು ಗನ್ನು ಬಾಯಿ ಬಿಡುತ್ತಿತ್ತು. ನರ್ಸಮ್ಮ ಅದೇ ಜಾಗಕ್ಕೆ ಗುದ್ದಿದರೆ ಬಿಡುತ್ತಿರಲಿಲ್ಲ.

“ಅದಕ್ಕೆ ಕೈ ಗುರುತು ಸಿಗುತ್ತೆ,” ಎಂದು ಮಾಮ ಮೀಸೆ ಒರೆಸಿಕೊಳ್ಳುತ್ತಿದ್ದ. ಪ್ರಧಾನಮಂತ್ರಿ ಕರೆದು ಹೂವಿನ ಹಾರ ಹಾಕಿದ್ದರೂ ಅವನಿಗೆ ಅಷ್ಟು ಗೌರವ ಅನ್ನಿಸುತ್ತಿರಲಿಲ್ಲ.

ಆದರೆ ನರ್ಸಮ್ಮನಿಗೊಂದು ಸಂಕಟವಿತ್ತು. ಅವಳಿಗೆ ಗಂಡ ಇರಲಿಲ್ಲ. ಎಲ್ಲಿದ್ದಾನೆ ಅಂತ ಮಾಮ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಒಬ್ಬಳು ಪುಟ್ಟ ಮಗಳು, ‘ಮೆಣಸಿನಕಾಳು’ ಅಂತ ಅವಳು ಕರೆಯುತ್ತಿದ್ದದ್ದು. ಹಗಲೆಲ್ಲ ಮಗುವನ್ನು ನೋಡಿಕೊಳ್ಳುವವಳು ಕೆಳಗಿನ ಮಹಡಿಯ ಹೆಂಗಸು.

“ದಿನಾ ನಾನು ಹೋಗೋ ಹೊತ್ತಿಗೆ ನಿದ್ದೆ ಹೊಡೀತಿರತ್ತೆ ಮಾಮ. ಹೆಗಲ ಮೇಲೆ ಹಾಕ್ಕೊಂಡು ಮೆಟ್ಟಿಲು ಹತ್ತುತ್ತೀನಿ. ಬೆಳಗ್ಗೆ ಅದು ಏಳೋದರೊಳಗೆ ನನ್ನ ಕೆಲಸ ಶುರು. ಭಾನುವಾರ ಕೂರಿಸ್ಕೊಂಡು ನೀವು ಹೇಳೋ ಬಸ್ಸಿನ ಆಡಿನ ಕಥೆ, ನಾಯಿ ಕಥೆ ಹೇಳ್ತೀನಿ. ಅದು ನನ್ನ ಮುಖ ನೋಡತ್ತೆ, ಯಾರೋ ನೆಂಟರು ಬಂದವರ ಹಾಗೆ.” ಅವಳು ಬಿಸ್ಕತ್ತಿನ ಪುಡಿಯನ್ನು ಮಡಿಲಿಂದ ಕೊಡವಿದಳು. “ಮೊನ್ನೆ ಕೆಳಗಿನ ಮನೆಯವಳನ್ನ ಅಮ್ಮಾ ಅಂತು.”

ಇಂಥ ಮಾತು ಕೇಳಿದಾಗ ಮಾಮನಿಗೆ ಗೊತ್ತಿದ್ದದ್ದು ಒಂದೇ, ಇನ್ನೂ ಗಟ್ಟಿಯಾಗಿ ಕೂಗುವುದು. “ಎಲ್ಲಾ ಈ ದರಿದ್ರ ಕಂಬದಿಂದ! ನೀನು ಸುಮ್ಮನಿರು ತಾಯಿ. ಇವರನ್ನ ನಾನು ನೋಡ್ಕೋತೀನಿ!” ಕೂಗಿದ ರಭಸಕ್ಕೆ ಅಂಗಡಿಯೊಳಗೆ ಸಾಮಾನು ಆರಿಸುತ್ತಿದ್ದವರ ಕೈಯಿಂದ ಎರಡು ಮೊಟ್ಟೆ ಬಿದ್ದು ಒಡೆದವು ಅನ್ನುತ್ತಾರೆ.

ನೋಡಿಕೊಂಡದ್ದೂ ನಿಜ. ಕಂಬದ ಮೇಲಿದ್ದ ನಂಬರಿಗೆ ಫೋನು ಹಚ್ಚಿದ. ಒಂದು ರೆಕಾರ್ಡಿನ ಹೆಂಗಸು ‘ದಯವಿಟ್ಟು ಕಾಯಿರಿ’ ಅಂದಳು. ಮಾಮ ಅವಳಿಗೂ ಬುದ್ಧಿ ಹೇಳಿದ. ಮಾರನೆಯ ದಿನ ಮತ್ತೆ, ಅದರ ಮಾರನೆಯ ದಿನ ಮತ್ತೆ. ನರ್ಸಮ್ಮನ ಮಗು ಎದ್ದಿರುವಾಗ ನರ್ಸಮ್ಮ ಮನೆ ಸೇರಬೇಕು, ಅದಾಗುವವರೆಗೆ ಬಿಡುವುದಿಲ್ಲ ಅಂತ ಹಟ ಹಿಡಿದ. ಕೊನೆಗೆ ಯಾರೋ ನಿಜವಾದ ಮನುಷ್ಯನೇ ಫೋನು ಎತ್ತಿ, “ಅಯ್ಯೋ ಸಾಕು ಯಜಮಾನ್ರೇ, ಕಿವಿ ಹೋಯ್ತು, ನಾಳೆನೇ ಮೆಕ್ಯಾನಿಕ್ ಬರ್ತಾನೆ,” ಅಂದ.

ಮೆಕ್ಯಾನಿಕ್ ಬಂದದ್ದು ಮಧ್ಯಾಹ್ನ, ಮಾಮ ಕೆಂಪು ಕಾರು ತಂದು ಕಾಯುತ್ತಿದ್ದಾಗ. ಮೈಗಿಂತ ಮೊದಲು ಹೊಟ್ಟೆ ವ್ಯಾನಿನಿಂದ ಇಳಿಯುವಂಥ ಆಸಾಮಿ. ಕಂಬದ ಹೊಟ್ಟೆ ಬಿಚ್ಚಿ, ಇಣುಕಿ, ಮುಚ್ಚಿ, ತಾನು ಬಂದಿದ್ದ ಕರೆಂಟಿನ ವ್ಯಾನಿಗೇ ಗನ್ನು ಚುಚ್ಚಿದ. ಪರದೆಯ ಅಂಕಿ ಅಟ್ಟಿಸಿಕೊಂಡು ಬಂದವರ ಹಾಗೆ ಓಡತೊಡಗಿತು. ಮಾಮ ಬಾಯಿ ಬಿಟ್ಟುಕೊಂಡು ನೋಡಿದ.

“ಏನಪ್ಪಾ, ಇಷ್ಟು ಬೇಗ ರಿಪೇರಿ ಮಾಡ್ಬಿಟ್ಯಾ?”

“ಏನೂ ಮಾಡಿಲ್ಲ. ಮೆಷೀನು ಸರಿಯಾಗೇ ಇದೆ. ನಿಮ್ಮದು ಆ ಕೆಂಪು ಕಾರಲ್ವಾ? ತಗೊಂಡು ಬನ್ನಿ, ಇನ್ನೊಂದು ಗನ್ನು ಚುಚ್ಚಿ.”

ಮಾಮ ತಂದು ಚುಚ್ಚಿದ. ಓಡುತ್ತಿದ್ದ ಅಂಕಿ ಎಡವಿದ ಹಾಗಾಗಿ, ಅರ್ಧಕ್ಕಿಳಿದು, ಮತ್ತೆ ಅದೇ ಹಳೆಯ ನೆಂಟರ ನಡಿಗೆಗೆ ಬಂತು.

“ನೋಡಿದ್ರಾ?” ಮೆಕ್ಯಾನಿಕ್ ಕೈ ಒರೆಸಿಕೊಂಡ. “ಕೊಳವೆ ಒಂದು, ನಲ್ಲಿ ಎರಡು. ಒಬ್ರೇ ಹಾಕಿದ್ರೆ ಕುದುರೆ, ಇಬ್ರು ಹಾಕಿದ್ರೆ ಎಮ್ಮೆ. ಅದರಲ್ಲೂ ಈ ನಿಮ್ಮ ಹಳೇ ಗಾಡಿ, ಚಮಚದಲ್ಲಿ ಹಾಲು ಕುಡಿಯೋ ಮಗು ಇದ್ದ ಹಾಗೆ. ತಾನು ಬೇಗ ಕುಡಿಯಲ್ಲ, ಪಕ್ಕದವರಿಗೂ ಬಿಡಲ್ಲ. ಇಲ್ಲೊಂದು ನೀಲಿ ಸ್ಟಿಕ್ಕರಲ್ಲಿ ಬರ್ದಿತ್ತಲ್ಲ... ಯಾರೋ ಪುಣ್ಯಾತ್ಮ ಬೆನ್ನು ಉಜ್ಜಿ ಉಜ್ಜಿ ಅಳಿಸಿಬಿಟ್ಟಿದಾನೆ ನೋಡಿ.”

ಮಾಮನ ಕೈ ತಾನಾಗಿಯೇ ಬೆನ್ನಿಗೆ ಹೋಯಿತು. ದಿನಾ ಅದೇ ಜಾಗಕ್ಕೆ ಒರಗಿಕೊಂಡು ಅವನು ಕಥೆ ಹೇಳುತ್ತಿದ್ದ. ಅವನ ಪ್ರತಿಯೊಂದು ಅಂಗಿಯ ಬೆನ್ನಿಗೂ ನೀಲಿ ಬಣ್ಣ ಹತ್ತಿತ್ತು. ಎಲ್ಲಿಂದ ಬಂತಪ್ಪಾ ಇದು ಅಂತ ಸೋಪು ಹಾಕಿ ಉಜ್ಜಿ ಸಾಕಾಗಿ ಬಿಟ್ಟಿದ್ದ.

“ದಿನಾ ಸಂಜೆ ನಿಧಾನ ಅಂತ ದೂರು ಕೊಟ್ಟಿದ್ರಲ್ಲ, ಆ ಹೊತ್ತಿಗೆ ಪಕ್ಕದಲ್ಲಿ ಬಂದು ಚುಚ್ಚೋನು ಯಾರು? ಅವನನ್ನ ಹಿಡ್ಕೊಳ್ಳಿ,” ಎಂದು ಮೆಕ್ಯಾನಿಕ್ ಹೊಟ್ಟೆಯನ್ನು ವ್ಯಾನಿನೊಳಗೆ ತುಂಬಿಕೊಂಡು ಹೊರಟುಹೋದ.

ಮಾಮ ಕೇಬಲ್ಲು ಕಿತ್ತು, ಕಾರಿನಲ್ಲಿ ಕೂತ. ಅವನ ಎದೆಯ ಮೇಲೆ ತುಂಬಿದ ಬಸ್ಸು ನಿಂತ ಹಾಗಾಗಿತ್ತು. ಮಗುವನ್ನು ಮಲಗಿಸಿದ್ದು ಕಂಬವಲ್ಲ. ಬೇರೆಯವಳನ್ನು ಅಮ್ಮಾ ಅನ್ನಿಸಿದ್ದು ಕಂಬವಲ್ಲ. ಊಟ ಮಾಡಿದ್ಯಾ ತಾಯಿ ಅಂತ ಕೇಳುತ್ತಾ, ಬಿಸ್ಕತ್ತು ಕೊಡುತ್ತಾ, ಇನ್ನೊಂದು ಕೈಯಲ್ಲಿ ಅವಳ ಸಂಜೆಯನ್ನು ಅರ್ಧ ಮುರಿದು ತಿಂದವನು ತಾನು. ಒಂಟಿ ಗಾಡಿಗೆ ಜೊತೆ ನಿಂತೆ ಅಂದುಕೊಂಡಿದ್ದನಲ್ಲ, ಆ ಗಾಡಿಯ ಗಾಲಿಗೆ ಕಲ್ಲು ಇಟ್ಟಿದ್ದ.

ಅವತ್ತು ಸಂಜೆ ಅವನು ಹೋಗಲಿಲ್ಲ. ಬಾಗಿಲ ಪಕ್ಕದ ಸಾಕೆಟ್ಟಿನ ಮುಚ್ಚಳ ತೆಗೆದು, ಒಳಗೆ ಮನೆ ಮಾಡಿದ್ದ ಜೇಡಕ್ಕೆ ದಾರಿ ಮಾಡಿಕೊಟ್ಟು, ಕಾರಿಗೆ ಕರೆಂಟು ಹಚ್ಚಿದ. ಕಾರು ಸಣ್ಣಗೆ ಗುಂಯ್ ಅಂದಿತು. ಹೆಂಡತಿ ಹಾಕಿಸಿದ ಸಾಕೆಟ್ಟು, ಇಷ್ಟು ದಿನ ಮುಟ್ಟದೆ ಬಿಟ್ಟಿದ್ದರೂ ಕೈ ಕೊಡಲಿಲ್ಲ. ಮಾಮ ಒಳಗೆ ಬಂದು ಒಂದು ಬ್ರೆಡ್ಡಿಗೆ ಜಾಮು ಹಚ್ಚಿ, ತಿನ್ನದೆ, ತಟ್ಟೆಯ ಮೇಲೆ ಇನ್ನೊಂದು ತಟ್ಟೆ ಮುಚ್ಚಿಟ್ಟ. ಫ್ರಿಜ್ಜು ಗುರ್ ಅಂದಿತು. ಅವನು ‘ಏನು’ ಅನ್ನಲಿಲ್ಲ.

ಮಾರನೆಯ ದಿನವೂ ಹೋಗಲಿಲ್ಲ. ಹೇಳಬೇಕು ಅನ್ನಿಸುತ್ತಿತ್ತು. ಹೇಳಿದರೆ ಅವಳು ಇನ್ನು ಮಾತಾಡಿಸುವುದಿಲ್ಲ. ಹೇಳದಿದ್ದರೆ ಅವಳಿಗೆ ಗೊತ್ತೇ ಆಗುವುದಿಲ್ಲ. ಸುಮ್ಮನೆ ಪಕ್ಕದಲ್ಲಿ ನಿಂತು, ಗನ್ನು ಚುಚ್ಚಿದ ಹಾಗೆ ನಟಿಸಿದರೆ? ಚಾರ್ಜು ಮಾಡದ ಗಾಡಿಯನ್ನು ಅಂಗಡಿಯ ಕಾವಲಿನವನು ಅಲ್ಲಿ ನಿಲ್ಲಿಸಲು ಬಿಡುವುದಿಲ್ಲ. ಹೀಗೆ ಯೋಚಿಸಿ ಯೋಚಿಸಿ ಮಾಮನ ತಲೆ ಕುಕ್ಕರಿನ ಹಾಗೆ ಕೂಗುತ್ತಿತ್ತು.

ಆದರೆ ಅದರ ಮಾರನೆಯ ದಿನ ಸಂಜೆ ಇನ್ನೊಂದು ಯೋಚನೆ ಹೊಳೆದು ಅವನು ಕೂತಲ್ಲಿಂದ ಎದ್ದೇಬಿಟ್ಟ. ಗನ್ನು ಕಚ್ಚಿಕೊಂಡರೆ ಗುದ್ದುವವರು ಯಾರು?

ನಡೆದೇ ಹೋದ. ಅಂಗಡಿಯ ತಳ್ಳುಗಾಡಿಗಳನ್ನು ಒಂದರೊಳಗೊಂದು ತುರುಕಿ ನಿಲ್ಲಿಸಿದ್ದ ಸಾಲಿನ ಹಿಂದೆ, ಅಷ್ಟುದ್ದದ ಮನುಷ್ಯ ಮೊಣಕಾಲು ಮಡಿಸಿಕೊಂಡು ಅಡಗಿ ನಿಂತ. ಬಿಳಿ ಕಾರು ಬಂತು. ನರ್ಸಮ್ಮ ಗನ್ನು ಚುಚ್ಚಿ, ಪಕ್ಕದ ಖಾಲಿ ಜಾಗ ನೋಡಿದಳು. ಗೇಟಿನ ಕಡೆ ನೋಡಿದಳು. ಕಾರಿನಲ್ಲಿ ಕೂರುವ ಬದಲು ಕಂಬದ ಸುತ್ತ ಒಂದು ಸುತ್ತು ಬಂದಳು. ಕೈಯಲ್ಲಿ ಒಂದು ಬಿಸ್ಕತ್ತಿನ ಪೊಟ್ಟಣವಿತ್ತು, ಒಡೆದಿರಲಿಲ್ಲ. ಅಂಕಿ ಓಡಿತು. ತಳ್ಳುಗಾಡಿಯ ಹಿಂದೆ ಮಾಮನ ಕಾಲು ಜೋಮು ಹಿಡಿಯುವುದರೊಳಗೆ ಕಂಬ ‘ಟಿಣ್’ ಅಂದೇಬಿಟ್ಟಿತು.

ಆದರೆ ಗನ್ನು ಬಿಡಲಿಲ್ಲ. ನರ್ಸಮ್ಮ ಎಳೆದಳು, ಗುದ್ದಿದಳು, ಒದ್ದಳು. ಫೋನಿನಲ್ಲಿ ಹೊತ್ತು ನೋಡಿಕೊಂಡಳು. ಇವತ್ತೂ ಬೇಗ ಮುಗಿಯಿತು ಅಂತ ಅವಳ ಮುಖದಲ್ಲಿ ಮೂಡಿದ್ದ ಬೆಳಕು ಹಾಗೇ ಆರುತ್ತಿರುವುದು ಅಷ್ಟು ದೂರಕ್ಕೂ ಕಂಡಿತು.

ಮಾಮನಿಗೆ ತಡೆಯಲಾಗಲಿಲ್ಲ. ಎದ್ದು ಬಂದ. ಎರಡು ಗುದ್ದು ಗುದ್ದಿದ. ‘ಟಕ್.’

“ಅಯ್ಯೋ ಮಾಮ! ಎಲ್ಲಿ ಹಾಳಾಗಿ ಹೋಗಿದ್ರಿ? ಹುಷಾರಿರಲಿಲ್ವಾ? ನಿಮ್ಮ ಮನೆ ಎಲ್ಲಿ ಅಂತ ಕೂಡ ನನಗೆ ಗೊತ್ತಿಲ್ಲ, ಎಲ್ಲಿ ಅಂತ ಹುಡುಕಲಿ? ನಂಬರ್ ಕೂಡ ಇಲ್ಲ!” ಅವಳು ಅವನ ಕೈ ಹಿಡಿದು ನಾಡಿಯನ್ನೇ ನೋಡತೊಡಗಿದಳು. “ನೋಡಿದ್ರಾ, ನಿಮ್ಮ ಬೈಗುಳಕ್ಕೆ ಹೆದರಿ ಸರಿ ಮಾಡ್ಬಿಟ್ಟಿದಾರೆ. ಮೂರು ದಿನದಿಂದ ಗಾಳಿ ಹಾಗೆ ಓಡ್ತಿದೆ! ಮೊನ್ನೆ, ನಿನ್ನೆ, ಎರಡು ದಿನವೂ ನನ್ನ ಮಗಳು ಎದ್ದಿದ್ಲು ಮಾಮ.”

“ಸರಿ ಮಾಡಿಲ್ಲ ತಾಯಿ.”

“ಮತ್ತೆ?”

“ಕೆಟ್ಟೇ ಇರ್ಲಿಲ್ಲ. ಎರಡು ಗನ್ನು ಚುಚ್ಚಿದ್ರೆ ಅರ್ಧರ್ಧ ಆಗುತ್ತಂತೆ. ನಾನು ಪಕ್ಕದಲ್ಲಿ ಚುಚ್ಚುತಿದ್ನಲ್ಲ, ಅದಕ್ಕೇ.”

ನರ್ಸಮ್ಮ ನಾಡಿಯ ಮೇಲಿನ ಬೆರಳು ತೆಗೆಯಲಿಲ್ಲ. “ಅದಕ್ಕೆ ನೀವೇನು ಮಾಡ್ತೀರಿ. ನಿಮಗೇನು ಗೊತ್ತಿತ್ತಾ? ನಿಮಗೂ ಚಾರ್ಜು ಬೇಕಲ್ಲ, ಮನೇಲಿ ಸಾಕೆಟ್ ಇಲ್ಲ,” ಅಂದಳು.

ಇಲ್ಲಿಗೇ ಬಾಯಿಗೆ ಬೀಗ ಹಾಕಿಕೊಂಡಿದ್ದರೆ ಮಾಮ ಗೆದ್ದಿದ್ದ. ನಾಡಿಯ ಮೇಲೆ ಬೆರಳಿಟ್ಟುಕೊಂಡಿರುವವರ ಹತ್ತಿರ ಸುಳ್ಳು ಹೇಳುವುದು ಅವನಿಗೆ ಕಷ್ಟವಾಯಿತು.

“ಇದೆ,” ಅಂದ.

“ಏನಿದೆ?”

“ಸಾಕೆಟ್ಟು. ಬಾಗಿಲ ಹತ್ರ.”

ಈಗ ಬೆರಳು ಹೋಯಿತು. “ಮನೇಲಿ ಸಾಕೆಟ್ ಇಟ್ಕೊಂಡು ದಿನಾ ಇಲ್ಲಿಗೆ ಯಾಕೆ ಬರ್ತಿದ್ರಿ ಮಾಮ?”

ಮುಂದಿನ ಸ್ಟಾಪಿನ ನಾಯಿಯನ್ನು ಎಬ್ಬಿಸುತ್ತಿದ್ದ ಗಂಟಲು ಅದು. ಅದರಿಂದ ಹೊರಟ ಮಾತು ಪಕ್ಕದಲ್ಲಿದ್ದವಳಿಗೂ ಸರಿಯಾಗಿ ಕೇಳಲಿಲ್ಲ.

“ಏನು?”

“ಮಾತಾಡೋಕೆ.”

ನರ್ಸಮ್ಮ ಅವನನ್ನೇ ನೋಡಿದಳು. ಅವಳ ದನಿ ಇಂಜೆಕ್ಷನ್ ಸೂಜಿಯಷ್ಟು ಸಣ್ಣಗಿತ್ತು. “ನನ್ನ ಮಗಳು ಯಾರನ್ನ ಅಮ್ಮಾ ಅಂತಾಳೆ ಅಂತ ನಿಮಗೆ ಹೇಳಿದ್ದೆ. ಹೇಳಿದ್ದೆ ತಾನೇ?”

“ಹೇಳಿದ್ದೆ ತಾಯಿ.”

ಅವಳು ಬಿಸ್ಕತ್ತಿನ ಪೊಟ್ಟಣವನ್ನು ಕಾರಿನ ಸೀಟಿಗೆ ಎಸೆದು, ಬಾಗಿಲು ಹಾಕಿಕೊಂಡು ಹೋದಳು. ಬಾಗಿಲ ಸದ್ದು ದೊಡ್ಡದೇನಲ್ಲ. ಮಾಮನಿಗೆ ಮಾತ್ರ ಅಂಗಡಿಯ ಗೋಡೆ ಕುಸಿದಷ್ಟು ಕೇಳಿಸಿತು.

ಆಮೇಲೆ ಮಾಮನ ದಿನಗಳು ಒಂದಕ್ಕೊಂದು ಅಂಟಿಕೊಂಡು ಒಂದೇ ಉದ್ದನೆಯ ಮಧ್ಯಾಹ್ನವಾದವು. ಹಳೆಯ ರೂಟಿನಲ್ಲಿ ಹೋಗುತ್ತಿದ್ದ, ಸ್ಟಾಪುಗಳಲ್ಲಿ ನಿಲ್ಲುತ್ತಿದ್ದ, ಬಂದು ಮನೆಯ ಸಾಕೆಟ್ಟಿಗೆ ಚುಚ್ಚುತ್ತಿದ್ದ. ಕಾರಿಗೆ ಹೊಟ್ಟೆ ತುಂಬುತ್ತಿತ್ತು. ಸಂಜೆಯಾದರೆ ಕಾಲು ತಾನಾಗಿಯೇ ಚಪ್ಪಲಿಯೊಳಗೆ ಹೋಗುತ್ತಿತ್ತು, ಅವನು ತೆಗೆಯುತ್ತಿದ್ದ. ಅವಳು ಈಗ ಮನೆ ಸೇರಿರುತ್ತಾಳೆ ಅಂತ ಗಡಿಯಾರ ನೋಡಿ ಸಮಾಧಾನ ಪಟ್ಟುಕೊಳ್ಳುತ್ತಿದ್ದ. ಸಮಾಧಾನ ಪಡಲು ಅದು ಒಳ್ಳೆಯ ವಿಷಯವೇ. ಆದರೆ ಸಮಾಧಾನ ಪಟ್ಟು ಮುಗಿದ ಮೇಲೂ ಸಂಜೆ ಎಷ್ಟೊಂದು ಉಳಿಯುತ್ತಿತ್ತು.

ಒಂದು ದಿನ ಬ್ರೆಡ್ಡು ಮುಗಿಯಿತು. ಬೇರೆ ಅಂಗಡಿಗೆ ಹೋಗಬಹುದಿತ್ತು. ಬ್ರೆಡ್ಡು ಕಂಬದ ಅಂಗಡಿಯಲ್ಲೇ ಚೆನ್ನಾಗಿರುತ್ತದೆ ಅಂತ ತನಗೆ ತಾನೇ ಹೇಳಿಕೊಂಡು, ನಡೆದು ಹೋಗಿ, ಮುಂದಿನ ಬಾಗಿಲಿಂದಲೇ ಒಳಗೆ ಹೋಗಿ, ಮುಂದಿನ ಬಾಗಿಲಿಂದಲೇ ಹೊರಗೆ ಬಂದ. ಹಿಂದಿನ ಅಂಗಳದ ಕಡೆ ಕತ್ತು ಕೂಡ ತಿರುಗಿಸಲಿಲ್ಲ.

ಅಷ್ಟರಲ್ಲಿ ಹಿಂದಿನ ಅಂಗಳದಿಂದ ಯಾವುದೋ ಕಾರು ಪೀಂ ಪೀಂ ಪೀಂ ಎಂದು ಬಡಿದುಕೊಳ್ಳತೊಡಗಿತು. ನಿಲ್ಲಲೇ ಇಲ್ಲ. ಅಂಥ ಕೆಟ್ಟ ಹಾರ್ನು ಬಾರಿಸುವವರು ಯಾರೆಂದು ಡ್ರೈವರ್ ಆದವನು ಹೋಗಿ ನೋಡದೆ ಇರಲಾರ. ಬಿಳಿ ಕಾರಿನ ಡ್ರೈವರ್ ಸೀಟಿನ ಮೇಲೆ ಒಂದು ಮೆಣಸಿನಕಾಳಿನಷ್ಟು ಪುಟ್ಟ ಹುಡುಗಿ ನಿಂತುಕೊಂಡು ಎರಡೂ ಕೈಯಿಂದ ಹಾರ್ನು ಒತ್ತುತ್ತಿದ್ದಳು. ಪಕ್ಕದಲ್ಲಿ ನರ್ಸಮ್ಮ, ಕೈ ಕಟ್ಟಿಕೊಂಡು, ಮುಖ ಬಿಗಿದುಕೊಂಡು ನಿಂತಿದ್ದಳು.

“ಸಾಕು ಬಿಡೇ, ಬಂದ್ರು,” ಅಂದಳು ಮಗಳಿಗೆ. ಮಾಮನ ಕಡೆ ನೋಡದೆಯೇ, “ಈಗ ಮೊದಲು ಇವಳನ್ನ ಕರ್ಕೊಂಡೇ ಇಲ್ಲಿಗೆ ಬರ್ತೀನಿ. ಬೇಗ ಆಗುತ್ತಲ್ಲ, ಹಟ ಮಾಡಲ್ಲ. ಕೋಪ ಇನ್ನೂ ಹೋಗಿಲ್ಲ ನನಗೆ. ಸುಮ್ನೆ ಹೇಳಿದೆ,” ಅಂದಳು.

“ಆಗ್ಲಿ ತಾಯಿ. ಕೋಪ ಇರ್ಲಿ ಬಿಡು, ಇಟ್ಕೋ.”

ಹುಡುಗಿ ಮಾಮನನ್ನು ಮೇಲಿಂದ ಕೆಳಗೆ ನೋಡಿ, “ಅಮ್ಮಾ, ನಾಯಿ ಓಡಿಸೋ ತಾತ ಇವರೇನಾ?” ಅಂದಳು. ‘ಅಮ್ಮಾ’ ಅಂದದ್ದು ನರ್ಸಮ್ಮನಿಗೆ. ಆ ಒಂದು ಮಾತು ಕೇಳಿ ಮಾಮ ಬ್ರೆಡ್ಡಿನ ಪೊಟ್ಟಣವನ್ನು ಎಷ್ಟು ಬಿಗಿಯಾಗಿ ಹಿಡಿದನೆಂದರೆ ಅದು ಚಪಾತಿಯಾಗಿಹೋಯಿತು.

“ಕೆಮ್ಮಿ ನೋಡೋಣ,” ಅಂದಳು ಹುಡುಗಿ.

ಮಾಮ ಕೆಮ್ಮಿದ. ಅಂಗಡಿಯ ಸೂರಿನ ಮೇಲಿದ್ದ ಪಾರಿವಾಳಗಳೆಲ್ಲ ಎದ್ದು ಇನ್ನೊಂದು ಊರಿಗೆ ಹೋದವು. ಹುಡುಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಆಡಿನ ಕಥೆ ಬೇಕು ಅಂದಳು. ಅಮ್ಮ ಹೇಳೋದು ಸರಿಯಿಲ್ಲ, ಆಡಿನ ದನಿ ಬರಲ್ಲ ಅಂತ ದೂರೂ ಕೊಟ್ಟಳು. ಮಾಮ ನರ್ಸಮ್ಮನ ಮುಖ ನೋಡಿದ. ಅವಳು ಗನ್ನು ಚುಚ್ಚಿ, ಕಾರಿಗೆ ಒರಗಿ ನಿಂತು, ಬಿಸ್ಕತ್ತಿನ ಪೊಟ್ಟಣ ಒಡೆದು ಬಾನೆಟ್ಟಿನ ಮೇಲೆ ಇಟ್ಟಳು.

ಶುರು ಮಾಡಿದ. ಸಂತೆಯ ಸ್ಟಾಪಿನಲ್ಲಿ ಒಂದು ಆಡು ತಾನಾಗಿಯೇ ಬಸ್ಸು ಹತ್ತಿ, ಗತ್ತಿನಿಂದ ಕಿಟಕಿ ಪಕ್ಕದ ಸೀಟಿನಲ್ಲಿ ಕೂತದ್ದು. ಪಕ್ಕದಲ್ಲಿದ್ದ ಪೊಲೀಸಿನವನ ಟೋಪಿಯ ಅಂಚು ತಿಂದದ್ದು. ಮೈಗೆ ಮೈ ತಾಗಿಸಬೇಡ ಎಂದು ಒಬ್ಬಳು ದಪ್ಪ ಹೆಂಗಸಿಗೆ ಕಣ್ಣು ಬಿಟ್ಟದ್ದು. ಹುಡುಗಿ ಬಾನೆಟ್ಟಿನ ಮೇಲೆ ಹತ್ತಿ ಕೂತು, ಬಾಯಿಯಲ್ಲಿ ಬಿಸ್ಕತ್ತಿಟ್ಟುಕೊಂಡು, ಅಗಿಯುವುದನ್ನೇ ಮರೆತಿದ್ದಳು.

“ಅಷ್ಟರಲ್ಲಿ ನೋಡು, ಮಧ್ಯದ ಸ್ಟಾಪಲ್ಲಿ ಟಿಕೆಟ್ ಚೆಕ್ ಮಾಡೋ ಸಾಹೇಬ್ರು ಹತ್ತಿಬಿಟ್ರು! ಯಮನಂಥ ಮನುಷ್ಯ. ಒಬ್ಬೊಬ್ಬರದೇ ಟಿಕೆಟ್ ನೋಡ್ತಾ, ನೋಡ್ತಾ, ಬಂದ್ರು ನಮ್ಮ ಆಡಿನ ಹತ್ರ. ಕೈ ಚಾಚಿ, ‘ಟಿಕೆಟ್ಟು?’ ಅಂದ್ರು. ಆಗ ಆ ಆಡು...”

‘ಟಿಣ್’ ಅಂದಿತು ಕಂಬ.

ನರ್ಸಮ್ಮ ಹೊತ್ತು ನೋಡಿಕೊಂಡಳು. “ಏಳು, ಏಳು. ಮನೆಗೆ ಹೋಗಿ ಊಟ ಮಾಡಿ ಮಲಗಬೇಕು.”

“ಆಡು ಏನು ಮಾಡ್ತು? ಆಡು ಏನು ಮಾಡ್ತು?” ಹುಡುಗಿ ಕಾಲು ಬಡಿದಳು.

“ಏನಯ್ಯಾ ನಿನ್ನ ಅವಸರ!” ಮಾಮ ಕಂಬದ ಕಡೆ ತಿರುಗಿ ಗುಡುಗಿದ. “ಯಾರಾದ್ರೂ ಅಟ್ಟಿಸ್ಕೊಂಡು ಬರ್ತಿದಾರಾ? ಮಾನ ಮರ್ಯಾದೆ ಇರೋ ಮೆಷೀನು ಮಾಡೋ ಕೆಲಸನಾ ಇದು? ಸ್ವಲ್ಪ ನಿಧಾನ ಮಾಡಿದ್ರೆ ನಿನ್ನ ಗಂಟೇನು ಹೋಗ್ತಿತ್ತು?”

ನರ್ಸಮ್ಮ ನಗು ತಡೆಯಲು ಕೆಳತುಟಿ ಕಚ್ಚಿಕೊಂಡಳು. ಗನ್ನು ಎಳೆದಳು. ಇವತ್ತು ಅದು ಕಚ್ಚಿಕೊಳ್ಳಲಿಲ್ಲ, ಸಲೀಸಾಗಿ ಬಂದುಬಿಟ್ಟಿತು. ಎತ್ತಿದ ಮುಷ್ಟಿಯನ್ನು ಮಾಮ ಮೆಲ್ಲಗೆ ಜೇಬಿಗೆ ಹಾಕಿಕೊಂಡ.

“ಬರ್ತೀವಿ ಮಾಮ,” ಎಂದಳು. ನಾಳೆ ಸಿಗೋಣ ಅನ್ನಲಿಲ್ಲ, ಸಿಗುವುದು ಬೇಡ ಅಂತಲೂ ಅನ್ನಲಿಲ್ಲ. ಬಿಳಿ ಕಾರು ಹೊರಟಿತು. ಹಿಂದಿನ ಗಾಜಿನಲ್ಲಿ ಒಂದು ಪುಟ್ಟ ಮುಖ, ಆಡಿನ ಹಾಗೆ ಬಾಯಿ ಮಾಡುತ್ತಾ, ತಿರುವಿನವರೆಗೂ ಕಂಡಿತು. ಅಂಗಳದಲ್ಲಿ ಮಾಮ, ತಲೆಗೆ ಚೀಲ ಕಟ್ಟಿಕೊಂಡ ಒಂದು ಕಂಬ, ಇನ್ನೊಂದು ಕಂಬ, ಅಷ್ಟೇ ಉಳಿದರು.

ಮನೆಗೆ ನಡೆದು ಬಂದಾಗ ಬಾಗಿಲ ಮುಂದೆ ಕೆಂಪು ಕಾರು ಹೊಟ್ಟೆ ತುಂಬಿ ಸುಮ್ಮನೆ ನಿಂತಿತ್ತು. ಮಾಮ ಒಳಗೆ ಹೋಗದೆ ಅದರ ಬಾಗಿಲು ತೆಗೆದು ಡ್ರೈವರ್ ಸೀಟಿನಲ್ಲಿ ಕೂತ. ಪಕ್ಕದ ಸೀಟು ಖಾಲಿ. ಅದರ ಬಟ್ಟೆಯಲ್ಲಿ ಹೆಂಡತಿ ಕೂತು ಕೂತು ಆದ ಒಂದು ಸಣ್ಣ ತಗ್ಗು ಇನ್ನೂ ಇತ್ತು. ಆಡಿನ ಕಥೆಯನ್ನು ಅವಳಿಗೂ ಎಷ್ಟೋ ಸಲ ಹೇಳಿದ್ದ, ಒಂದೊಂದು ಸಲ ಒಂದೊಂದು ಕೊನೆ ಹಚ್ಚಿ. ಹೋದ ಸಲದ್ದು ಬೇರೆ ಇತ್ತಲ್ಲ ಅಂತ ಅವಳು ಪ್ರತಿ ಸಲವೂ ಹಿಡಿದುಹಾಕುತ್ತಿದ್ದಳು.

ಅರ್ಧ ಕಥೆ ಗಂಟಲಲ್ಲಿ ಸಿಕ್ಕಿಕೊಂಡು ಒತ್ತುತ್ತಿತ್ತು. “ಸಾಹೇಬ್ರು ಕೈ ಚಾಚಿ ‘ಟಿಕೆಟ್ಟು’ ಅಂದ್ರಾ,” ಎಂದ ಮಾಮ, ಸೀಟಿಗೆ ಮಾತ್ರ ಕೇಳುವಷ್ಟು ಸಣ್ಣಗೆ. “ಆಗ ಆ ಆಡು...”

ಅಲ್ಲಿಗೆ ನಿಲ್ಲಿಸಿದ. ಉಳಿದದ್ದನ್ನು ಖರ್ಚು ಮಾಡಲು ಮನಸ್ಸು ಬರಲಿಲ್ಲ.

“ಇರು, ನಿನಗೆ ಆಮೇಲೆ ಹೇಳ್ತೀನಿ,” ಎಂದು ಪಕ್ಕದ ಸೀಟಿನ ಮೇಲಿದ್ದ ಧೂಳನ್ನು ಅಂಗೈಯಿಂದ ಒರೆಸಿ, ಇಳಿದು, ಚಪಾತಿಯಾಗಿದ್ದ ಬ್ರೆಡ್ಡನ್ನು ಎತ್ತಿಕೊಂಡು ಬೀಗ ತೆಗೆದ. ಒಳಗೆ ಫ್ರಿಜ್ಜು ಗುರ್ ಅಂದಿತು.

“ಬಂದೆ,” ಅಂದ ಮಾಮ.